ಕತ್ತಿಗಳ ಊರಿನಲ್ಲಿ ಒಂದು ಡ್ಯಾಗರ್‌ನ ಬೆಲೆ

ಡ್ಯುಸೆಲ್‌ಡಾರ್ಫ್‌ನಲ್ಲಿ ಲೋಕಲ್ ಟ್ರೇನ್ ಹತ್ತಿದರೆ ಸುಮಾರು ಅರ್ಧ ಗಂಟೆಗೆ ಸೋಲಿಂಗನ್. ಹೆಸರು ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿದರೆ ಮನೆಯಲ್ಲಿರುವ ಹಳೇ ಕತ್ತರಿ, ಉಗುರು ಕತ್ತರಿಸೋ ಸಾಮಾನು, ತಾತನ ಕಾಲದ ಮಡಚುವ ಕ್ಷೌರದ ಕತ್ತಿ ಹುಡುಕಿ ನೋಡಿ. ನಮ್ಮ ತಾತನ ಕತ್ತಿಯ ಬುಡದಲ್ಲಿ ಈ ಹೆಸರು ಕೆತ್ತಿತ್ತು. ಅದು ಯಾರೋ ಸಾಹೇಬರ ಹೆಸರು ಅಂತ ನಾವು ಮಕ್ಕಳೆಲ್ಲ ನಂಬಿದ್ದೆವು. ಅದೊಂದು ಊರು, ಅದರಲ್ಲೂ ನಾನು ಕೆಲಸ ಮಾಡುವ ಜಾಗದಿಂದ ಅರ್ಧ ಗಂಟೆಯ ಊರು ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಸುಮಾರು 1 ಲಕ್ಷ 60 ಸಾವಿರ ಜನರ ಊರು. ಗುಡ್ಡ, ಇಳಿಜಾರು, ಕೆಳಗೆ ವುಪ್ಪರ್ ನದಿ. ರಸ್ತೆ ಮೇಲೆ ತಂತಿ ಹಿಡಿದು ಓಡುವ ಟ್ರಾಲಿ ಬಸ್ಸುಗಳು, 1952ರಿಂದಲೂ ಓಡುತ್ತಿವೆ. ಸದ್ದೇ ಇಲ್ಲದೆ ಪಕ್ಕಕ್ಕೆ ಬಂದು ನಿಲ್ಲುತ್ತವೆ, ಹುಷಾರಾಗಿರಬೇಕು. 2012ರಿಂದ ಊರಿನ ಅಧಿಕೃತ ಹೆಸರೇ 'ಅಲಗುಗಳ ಪಟ್ಟಣ ಸೋಲಿಂಗನ್'. ನಮ್ಮಲ್ಲಿ ಮೈಸೂರು ಸಿಲ್ಕ್‌ಗೆ, ಚನ್ನಪಟ್ಟಣದ ಗೊಂಬೆಗೆ ಜಿಐ ಟ್ಯಾಗ್ ಇದೆಯಲ್ಲ, ಇವರು ಆ ಕೆಲಸವನ್ನು 1938ರಲ್ಲೇ ಕಾನೂನು ಮಾಡಿ ಮುಗಿಸಿದ್ದಾರೆ. ಸೋಲಿಂಗನ್ ಸುತ್ತಮುತ್ತ ತಯಾರಾಗದ ಚಾಕುವಿನ ಮೇಲೆ ಆ ಹೆಸರು ಹಾಕುವ ಹಾಗಿಲ್ಲ. ಈ 1938 ಅನ್ನೋ ಇಸವಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ನೋಡೋಕೆ ಹೋಗುವವರು ಮೊದಲು ಗ್ರೇಫ್ರಾತ್ ಅನ್ನುವ ಹಳೇ ಬಡಾವಣೆಗೆ ಹೋಗಬೇಕು. ಕಪ್ಪು ಸ್ಲೇಟ್ ಕಲ್ಲು ಹೊದಿಸಿದ ಗೋಡೆ, ಬಿಳೀ ಚೌಕಟ್ಟಿನ ಕಿಟಕಿ, ಹಸಿರು ಬಾಗಿಲ ಮನೆಗಳು ಒಂದು ಸಣ್ಣ ಚೌಕದ ಸುತ್ತ ಒತ್ತಿಕೊಂಡು ನಿಂತಿವೆ. ಮೇಲ್ಗಡೆ ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡ, ಈಗ ಅಲಗುಗಳ ಮ್ಯೂಸಿಯಂ. ಕಂಚಿನ ಯುಗದ ಕತ್ತಿಯಿಂದ ಹಿಡಿದು ಊಟದ ಮೇಜಿನ ಚಾಕು, ಫೋರ್ಕ್‌ವರೆಗೆ ಎಲ್ಲಾ ಇದೆ. ನನಗೆ ಕತ್ತಿಗಿಂತ ಫೋರ್ಕುಗಳೇ ಇಷ್ಟವಾದವು. ಫೋರ್ಕ್ ಹಿಡಿಯೋಕೆ ಯುರೋಪಿಗೆ ಎಷ್ಟು ಶತಮಾನ ಬೇಕಾಯಿತು ಅಂತ ನೋಡಿದರೆ ಕೈಯಲ್ಲಿ ಉಣ್ಣುವ ನಮಗೊಂದು ಸಮಾಧಾನ!

ಆದರೆ ಈ ಸಲ ನಾನು ಹೋಗಿದ್ದು ಮ್ಯೂಸಿಯಂ ನೋಡೋಕಲ್ಲ.

ನಾನಿರುವುದು ಹಿಲ್ಡನ್ ಎಂಬ ಸಣ್ಣ ಊರಲ್ಲಿ, ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಅವರಿಗೆ 84. ಐದು ವರ್ಷದಿಂದ ಬಾಡಿಗೆಗಿದ್ದೀನಿ. ಚಳಿಗಾಲದಲ್ಲಿ ನಾನು ಮಾಡುವ ಸಾರಿನ ವಾಸನೆ ಕೆಳಗೆ ಹೋಗುತ್ತೆ, ಅವರು ಬೇಯಿಸುವ ಕೋಸಿನ ವಾಸನೆ ಮೇಲೆ ಬರುತ್ತೆ. ಇಬ್ಬರೂ ಒಪ್ಪಂದಕ್ಕೆ ಬಂದಿದ್ದೀವಿ. ಹೋದ ವರ್ಷ ಅಟ್ಟ ಖಾಲಿ ಮಾಡಿಸುವಾಗ ಹೊಗೆ ಗೂಡಿನ ಪಕ್ಕದ ಸಂದಿನಲ್ಲಿ ಎಣ್ಣೆ ಬಟ್ಟೆ ಸುತ್ತಿದ ಉದ್ದನೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಡ್ಯಾಗರ್. ಲೋಹದ ಒರೆ, ಕಿತ್ತಳೆ ಬಣ್ಣಕ್ಕೆ ತಿರುಗಿದ ಹಿಡಿ, ಅಡ್ಡಪಟ್ಟಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಹದ್ದಿನ ಕಾಲಲ್ಲಿ ಏನಿತ್ತು ಅಂತ ಹೇಳಬೇಕಾಗಿಲ್ಲ.

ಅದು ಅವರ ಅಪ್ಪನದು. 1939ರಲ್ಲಿ ಸೈನ್ಯದ ಲೆಫ್ಟಿನೆಂಟ್ ಆದವರು. ಯುದ್ಧ ಮುಗಿದ ಮೇಲೆ ಮನೆಯಲ್ಲಿರುವ ಆಯುಧವನ್ನೆಲ್ಲ ಒಪ್ಪಿಸಬೇಕು ಅಂತ ಬಂದ ಸೇನೆಗಳು ಹುಕುಂ ಹೊರಡಿಸಿದ್ದವು. ಇದು ಹೇಗೋ ಉಳಿದುಕೊಂಡಿದೆ. ಅಪ್ಪ ಸಾಯುವವರೆಗೂ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲವಂತೆ. "ಯುದ್ಧದ ಬಗ್ಗೆಯೂ ಆಡಲಿಲ್ಲ. ನಾವೂ ಕೇಳಲಿಲ್ಲ" ಅಂದರು ಅಜ್ಜಿ.

ಮನೆಯಲ್ಲಿ ಮೂರು ಅಭಿಪ್ರಾಯ. ಮಗ, ರೈನ್ ನದಿಗೆ ಎಸೆದುಬಿಡಿ ಅಂದ. ಮೊಮ್ಮಗ ಫೋನಲ್ಲಿ ಹುಡುಕಿ, ಇಂಥವು ಆರು ಸಾವಿರ ಯೂರೋಗೆ ಹೋಗಿವೆ, ನನ್ನ ಡ್ರೈವಿಂಗ್ ಲೈಸನ್ಸ್ ಖರ್ಚು ಕಳೆದು ಇನ್ನೂ ಉಳಿಯುತ್ತೆ ಅಂದ. (ಜರ್ಮನಿಯಲ್ಲಿ ಲೈಸನ್ಸ್ ತೆಗೆಯೋಕೆ ಎಷ್ಟು ಖರ್ಚಾಗುತ್ತೆ ಅಂತ ಇಲ್ಲಿರುವವರನ್ನು ಕೇಳಿ, ಅಳುತ್ತಾರೆ.) ಅಜ್ಜಿ ಎರಡಕ್ಕೂ ಹೂಂ ಅನ್ನಲಿಲ್ಲ. ಸೋಲಿಂಗನ್‌ನಲ್ಲಿ ಅವರ ದೂರದ ನೆಂಟರೊಬ್ಬರಿದ್ದಾರೆ, ಜೀವಮಾನವೆಲ್ಲ ಸಾಣೆ ಹಿಡಿದವರು. ಅವರಿಗೆ ತೋರಿಸೋಣ ಅಂತ ತೀರ್ಮಾನವಾಯಿತು. ನನ್ನನ್ನು ಯಾಕೆ ಕರೆದಿರಿ ಅಂದೆ. "ನಿನಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದಕ್ಕೇ ನೀನು ಬಾ" ಅಂದರು.

ಡ್ಯಾಗರನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟೆವು. ಇಲ್ಲಿ ಬಾಕು, ಚಾಕುಗಳನ್ನು ಕೈಲಿ ಹಿಡಿದು ಓಡಾಡುವಂತಿಲ್ಲ, ಕಾನೂನು ಬಿಗಿ. ಅದರ ಮೇಲಿರುವ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸಿದರೆ ಅದು ಬೇರೆಯೇ ಅಪರಾಧ, ದಂಡಸಂಹಿತೆಯ 86ಎ ಕಲಂ. ಇತಿಹಾಸ, ಸಂಶೋಧನೆ, ಶಿಕ್ಷಣಕ್ಕೆ ವಿನಾಯಿತಿ ಇದೆ. ಮನೆಯೊಳಗೆ ಇಟ್ಟುಕೊಳ್ಳುವುದು ಅಪರಾಧವಲ್ಲ. ಹಾಗಾಗಿ ಇಲ್ಲಿನ ಹರಾಜಿನವರು ಕ್ಯಾಟಲಾಗ್ ಫೋಟೋದಲ್ಲಿ ಆ ಚಿಹ್ನೆಯ ಮೇಲೆ ಒಂದು ಸಣ್ಣ ಪಟ್ಟಿ ಅಂಟಿಸಿ ಮಾರುತ್ತಾರೆ. ಆ ಪಟ್ಟಿ ನೋಡಿದಾಗೆಲ್ಲ ನನಗೆ ನಮ್ಮ ಸಿನಿಮಾದಲ್ಲಿ ಸಿಗರೇಟು ಸೇದುವ ದೃಶ್ಯದ ಕೆಳಗೆ ಬರುವ ಎಚ್ಚರಿಕೆ ನೆನಪಾಗುತ್ತೆ.

ಸಾಣೆ ಅಜ್ಜನ ಮನೆ ಇಳಿಜಾರಿನ ಕೊನೆಯಲ್ಲಿದೆ. ಬಲಗೈ ಹೆಬ್ಬೆರಳು ಸವೆದು ನುಣ್ಣಗಾಗಿದೆ. ಅವರಪ್ಪನೂ ಸಾಣೆಯವರೇ, ತಾತನೂ. ನದಿ ದಂಡೆಯಲ್ಲಿ ನೀರಿನ ಚಕ್ರದಿಂದ ಸಾಣೆಕಲ್ಲು ತಿರುಗಿಸುತ್ತಿದ್ದ ಶೆಡ್ಡುಗಳಿಗೆ ಇಲ್ಲಿ 'ಕೊಟ್ಟನ್' ಅಂತಾರೆ. ವಿಪ್ಪರ್‌ಕೊಟ್ಟನ್, ಬಾಲ್ಕ್‌ಹೌಸರ್ ಕೊಟ್ಟನ್ ಅಂತ ಎರಡನ್ನು ಉಳಿಸಿಕೊಂಡಿದ್ದಾರೆ, ನೋಡಬಹುದು. ಒಬ್ಬರು ಕುಲುಮೆಯಲ್ಲಿ ಬಡಿಯುವವರು, ಒಬ್ಬರು ಕಾಯಿಸಿ ಹದ ಹಾಕುವವರು, ಒಬ್ಬರು ಸಾಣೆಯವರು, ಒಬ್ಬರು ಹಿಡಿ ಜೋಡಿಸುವವರು. ಒಂದು ಚಾಕು ಊರೆಲ್ಲಾ ಸುತ್ತಿ ಬರುತ್ತಿತ್ತು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗಿ ಸಾಣೆಯವರು ಬೇಗ ಸಾಯುತ್ತಿದ್ದರು. ಅದಕ್ಕೆ 'ಸಾಣೆಯವರ ಶ್ವಾಸಕೋಶ' ಅಂತಲೇ ಹೆಸರು.

ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಕಿಟಕಿಯ ಪರದೆ ಎಳೆದು, ಅಜ್ಜ ಡ್ಯಾಗರ್ ಕೈಗೆತ್ತಿಕೊಂಡರು. ಮೊದಲು ನೋಡಿದ್ದು ನಮ್ಮಜ್ಜಿಯ ಮುಖ. "ತಿಕ್ಕಿ ತೊಳೆದಿಲ್ಲ ತಾನೇ?"

ಇಲ್ಲ ಅಂದರು.

"ಒಳ್ಳೇದು. ಜನ ಮಾಡೋ ಮೊದಲ ಹಾಳು ಕೆಲಸ ಅದು. ಹೊಳೆಯಲಿ ಅಂತ ಪಾಲಿಷ್ ಹಾಕಿ ಉಜ್ಜುತ್ತಾರೆ, ಮೇಲಿನ ಲೇಪ ಹೋಗುತ್ತೆ. ಕೊಳ್ಳುವವನು ಹೊಳಪಿಗೆ ದುಡ್ಡು ಕೊಡಲ್ಲ, ವಯಸ್ಸಿಗೆ ಕೊಡುತ್ತಾನೆ."

ಇನ್ನೊಂದು ಮಾತು ಹೇಳಬೇಕು. ಇವು ಯುದ್ಧದಲ್ಲಿ ಚುಚ್ಚೋಕೆ ಮಾಡಿದ ಆಯುಧಗಳಲ್ಲ, ಸಮವಸ್ತ್ರದ ಒಡವೆ. ಕೊಡವರ ಕುಪ್ಯದ ಮೇಲಿನ ಪೀಚೆಕತ್ತಿ ನೋಡಿದವರಿಗೆ ಉಡುಪಿನ ಕತ್ತಿ ಅಂದರೆ ತಕ್ಷಣ ಅರ್ಥವಾಗುತ್ತೆ. ವ್ಯತ್ಯಾಸ ಏನೆಂದರೆ, ಅದು ತಲೆಮಾರುಗಳಿಂದ ಬಂದದ್ದು. ಇದು 1933ರಿಂದ ಸುಮಾರು ಒಂಬತ್ತು ವರ್ಷ ಓಡಿದ ಫ್ಯಾಷನ್. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ಕಂದು ಅಂಗಿಯ ಎಸ್‌ಎ ಪಡೆಗೆ ಡ್ಯಾಗರ್ ಬಂತು. ಸ್ವಿಟ್ಜರ್ಲೆಂಡಿನ ಹಳೇ 'ಹೋಲ್ಬೈನ್' ಬಾಕುವಿನ ಆಕಾರ ಕದ್ದು ಮಾಡಿದ್ದು. ಅದೇ ಅಚ್ಚಿನಲ್ಲಿ ಕಪ್ಪು ಹಿಡಿಯದು ಎಸ್‌ಎಸ್‌ಗೆ. ಆಮೇಲೆ ಸೈನ್ಯ, ವಾಯುಪಡೆ, ನೌಕಾಪಡೆ, ಕಾರ್ಮಿಕ ದಳ, ಕೊನೆಗೆ ರೆಡ್‌ಕ್ರಾಸ್‌ನವರಿಗೂ ಒಂದೊಂದು ಬಗೆ! ರೆಡ್‌ಕ್ರಾಸ್‌ನವರ ಕತ್ತಿಗೆ ಬೆನ್ನಲ್ಲಿ ಗರಗಸದ ಹಲ್ಲು. ಆರ್ಥಿಕ ಕುಸಿತದಲ್ಲಿ ಒದ್ದಾಡುತ್ತಿದ್ದ ಸೋಲಿಂಗನ್‌ಗೆ ಇದು ಕುಲುಮೆ ಮತ್ತೆ ಹೊತ್ತಿಸಿದ ಆರ್ಡರ್. ಸಾಣೆ ಅಜ್ಜನ ಅಪ್ಪ ಇಂಥವನ್ನು ಸಾವಿರಾರು ಉಜ್ಜಿದ್ದರಂತೆ, ಕೂಲಿ ಎಣಿಕೆ ಲೆಕ್ಕ. "ನಮ್ಮನೆ ರೊಟ್ಟಿಗೆ ಬೆಣ್ಣೆ ಬಂದದ್ದು ಇದರಿಂದಲೇ" ಅಂದರು ಅವರು, ಮುಖ ಎತ್ತದೆ.

ಪರೀಕ್ಷೆ ಶುರುವಾಯಿತು. ಮೊದಲು ಒಂದು ಸಣ್ಣ ಆಯಸ್ಕಾಂತ. ಒರೆಗೆ ಅಂಟಿತು, ಅದು ಉಕ್ಕು. ಹಳೇ ಎಸ್‌ಎ ಡ್ಯಾಗರಿನ ಅಡ್ಡಪಟ್ಟಿ 'ನಿಕಲ್ ಸಿಲ್ವರ್'. ಹೆಸರಿಗೆ ಸಿಲ್ವರ್, ಬೆಳ್ಳಿ ಒಂದು ಚೂರೂ ಇರಲ್ಲ. ತಾಮ್ರ, ಸತು, ನಿಕಲ್ ಮಿಶ್ರಣ, ಆಯಸ್ಕಾಂತ ಹಿಡಿಯಲ್ಲ. ತಡವಾಗಿ ತಯಾರಾದವಕ್ಕೆ ಅಗ್ಗದ ಸತುವಿನ ಮಿಶ್ರಲೋಹ ಬಳಸಿದರು. ಲೇಪ ಹೋದ ಮೇಲೆ ಬೂದಿ ಬಣ್ಣ. ಲೋಹ ನೋಡಿಯೇ ಯುದ್ಧ ಎಷ್ಟು ಹತ್ತಿರ ಬಂದಿತ್ತು ಅಂತ ಹೇಳಬಹುದು ಅಂದರು.

ಆಮೇಲೆ ಹಿಡಿಯ ತುದಿಯ ಗುಂಡನ್ನು ತಿರುಗಿಸಿ ಬಿಚ್ಚಿದರು. ಸೈನ್ಯದ ಡ್ಯಾಗರಿನಲ್ಲಿ ಅದು ಸ್ಕ್ರೂ. ಹಿಡಿ, ಅಡ್ಡಪಟ್ಟಿ, ಅಲಗಿನ ಭುಜದ ಮೇಲಿನ ತೊಗಲಿನ ಬಿಲ್ಲೆ, ಒಂದೊಂದೇ ಕಳಚಿ ಬಂತು. ಎಂಬತ್ತು ವರ್ಷ ಒಟ್ಟಿಗಿದ್ದ ಭಾಗಗಳು ಒಂದರ ಮೇಲೊಂದು ಗುರುತು ಬಿಟ್ಟಿರುತ್ತವೆ. ಹಿಡಿ ಕೂತ ಕಡೆ ಲೋಹದ ಬಣ್ಣ ಬೇರೆ, ಬಯಲಾಗಿದ್ದ ಕಡೆ ಬೇರೆ. ಒಂದು ಒಳ್ಳೆಯ ಅಲಗಿಗೆ ಇನ್ನೊಂದರ ಹಿಡಿ, ಮತ್ತೊಂದರ ಒರೆ ಸೇರಿಸಿ ಮಾರುವ 'ಜೋಡಣೆ' ಮಾಲು ಸಂತೆಯಲ್ಲಿ ಬೇಕಾದಷ್ಟಿದೆ. ಅದರಲ್ಲಿ ಈ ಗುರುತುಗಳು ತಾಳೆಯಾಗುವುದಿಲ್ಲ.

ಮುಂದಿನದು ನನಗೆ ತುಂಬ ಹಿಡಿಸಿದ್ದು. ಅಜ್ಜ ಕಿತ್ತಳೆ ಹಿಡಿಯನ್ನು ಹೆಬ್ಬೆರಳಲ್ಲಿ ಬಿಸಿಯಾಗುವಷ್ಟು ಉಜ್ಜಿ ಮೂಗಿಗೆ ಹಿಡಿದರು. ಆಮೇಲೆ ನನ್ನ ಮೂಗಿಗೆ. ಕರ್ಪೂರ! ಮಂಗಳಾರತಿ ತಟ್ಟೆಯ ಅದೇ ವಾಸನೆ, ಸಣ್ಣಗೆ. ಆ ಕಾಲದ ಸೆಲ್ಯುಲಾಯ್ಡ್ ಮಾಡೋಕೆ ಕರ್ಪೂರ ಬೇಕೇಬೇಕಿತ್ತು. ಉಜ್ಜಿದರೆ ಇವತ್ತಿಗೂ ಬಿಡುತ್ತೆ. ಬೆಳ್ಳಗಿದ್ದದ್ದು ವಯಸ್ಸಾದ ಹಾಗೆ ಹಳದಿ, ಕಿತ್ತಳೆ ಆಗುತ್ತೆ. ಎಲ್ಲ ಅಸಲಿ ಹಿಡಿಗಳೂ ಸೆಲ್ಯುಲಾಯ್ಡ್ ಅಲ್ಲ, ಬೇರೆ ಪ್ಲಾಸ್ಟಿಕ್ಕೂ ಬಳಸಿದ್ದರು. ಹಾಗಾಗಿ ವಾಸನೆ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನೋಕಾಗಲ್ಲ. ಆದರೆ ವಾಸನೆ ಬಂದರೆ ಅದೊಂದು ಒಳ್ಳೇ ಸಾಕ್ಷಿ. ಕರ್ಪೂರ ಅಂದರೆ ನಮಗೆ ದೇವರ ಮನೆ ಅಂತ ನಾನು ಹೇಳಿದೆ. ಅವರಿಬ್ಬರೂ ಸುಮ್ಮನೆ ನನ್ನನ್ನೇ ನೋಡಿದರು.

ಅಷ್ಟರಲ್ಲಿ ಅಜ್ಜನ ಹೆಂಡತಿ ಬಿಸಿ ವ್ಯಾಫಲ್, ಚೆರ್ರಿ, ಜೊತೆಗೆ ಹಾಲಲ್ಲಿ ಬೇಯಿಸಿದ ಅನ್ನದ ಸಿಹಿ ತಂದಿಟ್ಟರು. ಈ ಸೀಮೆಯಲ್ಲಿ ಕಾಫಿ ಕೊಡುವುದು ಅಂದರೆ ಇಷ್ಟು. ಆ ಸಿಹಿ ನಮ್ಮ ಅಕ್ಕಿ ಪಾಯಸದ ದಾಯಾದಿ, ಏಲಕ್ಕಿ ಒಂದು ಮರೆತಿದ್ದಾರೆ ಅಷ್ಟೇ. ಅವರು ಡ್ಯಾಗರಿನ ಕಡೆ ಒಮ್ಮೆ ನೋಡಿ, ಮೇಜಿನ ಇನ್ನೊಂದು ತುದಿಗೆ ತಟ್ಟೆ ಇಟ್ಟರು.

ಬೆಂಗಳೂರಿನಿಂದ ಭಾವನ ವಿಡಿಯೋ ಕಾಲ್ ಬಂದದ್ದೂ ಆಗಲೇ. ನಮ್ಮ ಭಾವನಿಗೆ ಹಳೇ ನಾಣ್ಯ, ಸ್ಟಾಂಪ್, ಗಡಿಯಾರದ ಹುಚ್ಚು. ನಾನು ಹಿಂದಿನ ದಿನ ಅಕ್ಕನಿಗೆ ಹೇಳಿದ್ದು ಅವರ ಕಿವಿಗೆ ಬಿದ್ದಿದೆ. "ಏನಮ್ಮಾ, ಅಲ್ಲೇ ಇದ್ದೀಯಾ? ಒಂದು ಫೋಟೋ ಕಳಿಸಿದ್ದೀನಿ, ಆ ಯಜಮಾನರಿಗೆ ತೋರಿಸು. ಎಸ್‌ಎಸ್ ಡ್ಯಾಗರ್, ಒರಿಜಿನಲ್. 65 ಸಾವಿರ ಹೇಳ್ತಿದ್ದಾನೆ, 50ಕ್ಕೆ ಬರ್ತಾನೆ." ಹಿಂದಿನಿಂದ ಅಕ್ಕ, "ಇವರಿಗೆ ಸ್ವಲ್ಪ ಬುದ್ಧಿ ಹೇಳೇ" ಅನ್ನುತ್ತಿದ್ದಳು.

ಅಜ್ಜ ಕನ್ನಡಕ ಹಣೆಗೇರಿಸಿ ಫೋಟೋ ದೊಡ್ಡದು ಮಾಡಿ ನೋಡಿದರು. ಅರ್ಧ ನಿಮಿಷ ಸಾಕಾಯಿತು. ಎಸ್‌ಎ, ಎಸ್‌ಎಸ್ ಡ್ಯಾಗರಿನ ಅಲಗಿನ ಮೇಲೆ ಘೋಷವಾಕ್ಯ ಇರುತ್ತೆ. ಆಸಿಡ್‌ನಲ್ಲಿ ಕೊರೆದದ್ದು, ಅಕ್ಷರದ ಅಂಚು ಬ್ಲೇಡಿನ ಹಾಗೆ ಚೂಪು. ಭಾವನ ಫೋಟೋದಲ್ಲಿ ಅದು ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ತೇಲುತ್ತಿತ್ತು. ಮರದ ಹಿಡಿಗೂ ಲೋಹಕ್ಕೂ ನಡುವೆ ಉಗುರು ಹೋಗುವಷ್ಟು ಸಂದು. "ಇಂಥ ಸಂದು ಬಿಟ್ಟಿದ್ದರೆ ನಮ್ಮಪ್ಪನ ಕಾಲದ ಮೇಸ್ತ್ರಿ ಮುಖಕ್ಕೆ ಎಸೀತಿದ್ದ." ಇನ್ನೊಂದು, ಆ ಅಲಗುಗಳಿಗೆ ಕೊನೆಯ ಪಾಲಿಷ್ ಅಡ್ಡಡ್ಡ ಕೊಡುತ್ತಿದ್ದರು. ಬೆಳಕಿಗೆ ಓರೆ ಹಿಡಿದರೆ ಉದ್ದಕ್ಕೆ ಅಡ್ಡವಾಗಿ ಕೂದಲಿನಂಥ ಗೆರೆಗಳು ಕಾಣಬೇಕು. ಇದು ಸ್ಟೀಲ್ ತಟ್ಟೆಯ ಹಾಗೆ ಫಳಫಳ.

"ಎಲ್ಲಿ ಮಾಡಿದ್ದಿರಬಹುದು?" ಅಂದೆ.

ಅಜ್ಜ ನಕ್ಕರು. "ಬೇಜಾರು ಮಾಡ್ಕೋಬೇಡ. ಬಹುಶಃ ನಿಮ್ಮ ದೇಶದಲ್ಲೇ."

ತಮಾಷೆಯಲ್ಲ. ಈ ಡ್ಯಾಗರ್‌ಗಳ ನಕಲು ಸ್ಪೇನ್, ಪಾಕಿಸ್ತಾನ, ಭಾರತದಲ್ಲಿ ದಶಕಗಳಿಂದ ತಯಾರಾಗುತ್ತಿವೆ. ಸಿನಿಮಾಕ್ಕೆ, ಅಲಂಕಾರಕ್ಕೆ ಅಂತ ಹೋದದ್ದು ಯಾವುದೋ ಕೈ ದಾಟಿದ ಮೇಲೆ 'ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದು' ಆಗುತ್ತೆ. ನಮ್ಮಲ್ಲೇ ಮಾಡಿದ್ದನ್ನು ಜರ್ಮನಿಯದು ಅಂತ ನಮ್ಮ ಭಾವ 50 ಸಾವಿರ ಕೊಟ್ಟು ವಾಪಸ್ ಕೊಳ್ಳುವವರಿದ್ದರು. ಅಕ್ಕನಿಗೆ ಮೆಸೇಜ್ ಹಾಕಿದೆ. ಒಂದು ಸಾಲು ನಗುವಿನ ಎಮೋಜಿ ಬಂತು, ಆಮೇಲೆ ಭಾವನಿಂದ ಮೌನ.

ಅಸಲಿಯ ಗಡಿ ಕೂಡ ಅಷ್ಟು ಸರಳ ಅಲ್ಲ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನಿಕರು ಸೋಲಿಂಗನ್‌ಗೆ ಬಂದಾಗ ಎಲ್ಲರಿಗೂ ಒಂದೊಂದು ನೆನಪಿನ ಡ್ಯಾಗರ್ ಬೇಕಿತ್ತು. ಕಾರ್ಖಾನೆಯ ಮೂಲೆಗಳಲ್ಲಿ ಅಲಗು, ಹಿಡಿ, ಒರೆ ರಾಶಿ ಬಿದ್ದಿದ್ದವು. ಹಸಿದ ಊರು. ಉಳಿದ ಭಾಗ ಜೋಡಿಸಿ ಸಿಗರೇಟು, ಚಾಕೊಲೇಟು, ಕಾಫಿಗೆ ಕೊಟ್ಟರು. ಅದೇ ಕೈ, ಅದೇ ಭಾಗ, ಅದೇ ಊರು, ಆದರೆ ಯಾವ ಅಧಿಕಾರಿಯೂ ತೊಟ್ಟದ್ದಲ್ಲ. ಇದಕ್ಕೆ ಏನಂತ ಕರೀತೀರಿ? ಸಂಗ್ರಹಕಾರರು ಇವತ್ತಿಗೂ ಜಗಳವಾಡುತ್ತಾರೆ. ಸಾಣೆ ಅಜ್ಜನಿಗೆ ಆಗ ಏಳು ವರ್ಷ. ಮೊದಲ ಚಾಕೊಲೇಟು ತಿಂದದ್ದು ಆ ವ್ಯಾಪಾರದಲ್ಲಿ.

ಸರಿ, ಬೆಲೆ. ಅಜ್ಜಿಯ ಡ್ಯಾಗರ್ ಅಸಲಿ, ಜೋಡಣೆಯಲ್ಲ. ಸೈನ್ಯದ ಅಧಿಕಾರಿಗಳದು, 1935ರ ಮಾದರಿ. ಅಧಿಕಾರಿಗಳೇ ಸ್ವಂತ ದುಡ್ಡಲ್ಲಿ ಕೊಳ್ಳುತ್ತಿದ್ದದ್ದು. ಬಹಳ ತಯಾರಾಗಿವೆ, ಬಹಳ ಉಳಿದಿವೆ. ಸಿಗಬಹುದಾದ್ದು ಕೆಲವು ನೂರು ಯೂರೋ. ಮೊಮ್ಮಗ ನೋಡಿದ ಸಾವಿರಗಳು ಸರಪಳಿ ಹಾಕಿದ ಎಸ್‌ಎಸ್ ಡ್ಯಾಗರಿನವು, ಅಥವಾ ಎಸ್‌ಎ ಮುಖ್ಯಸ್ಥ ಏರ್ನ್ಸ್ಟ್ ರೋಮ್‌ನ ಹೆಸರು ಕೊರೆದವು. ಆ ಕೊನೆಯದರ ಕತೆ ಗೊತ್ತಾ? 1934ರಲ್ಲಿ ರೋಮ್ ತನ್ನ ಹಳೇ ಸಂಗಾತಿಗಳಿಗೆ 'ಸ್ನೇಹಪೂರ್ವಕವಾಗಿ' ಅಂತ ತನ್ನ ಸಹಿ ಕೊರೆಸಿ ಡ್ಯಾಗರ್ ಹಂಚಿದ. ಅದೇ ವರ್ಷ ಜುಲೈ 1ರಂದು ಹಿಟ್ಲರ್ ಅವನನ್ನೇ ಕೊಲ್ಲಿಸಿದ. ಇಟ್ಟುಕೊಂಡವರಿಗೆ ಆ ಹೆಸರು ಅಳಿಸಬೇಕು ಅಂತ ಆಜ್ಞೆ ಬಂತು. ಸಾಣೆ ಹಿಡಿದು ಅಳಿಸಿದರು. ಹಾಗಾಗಿ ಅಳಿಸದೆ ಉಳಿದದ್ದಕ್ಕೆ ಈಗ ಚಿನ್ನದ ಬೆಲೆ. ಅರ್ಧ ಅಳಿಸಿದ್ದಕ್ಕೂ ಬೆಲೆ ಇದೆ.

"ಬೆಲೆ ಹೆಚ್ಚಿಸಬೇಕು ಅಂದರೆ ಒಂದು ದಾರಿಯಿದೆ" ಅಂದರು ಸಾಣೆ ಅಜ್ಜ. ಇದನ್ನು ತೊಟ್ಟುಕೊಂಡು ತೆಗೆಸಿದ ಫೋಟೋ, ಹೆಸರಿರುವ ಕಾಗದಪತ್ರ ಜೊತೆಗೆ ಕೊಟ್ಟರೆ ಕೊಳ್ಳುವವರು ಜಾಸ್ತಿ ಕೊಡುತ್ತಾರೆ. ಯಾರದು, ಎಲ್ಲಿಂದ ಬಂತು ಅನ್ನುವ ಪುರಾವೆ.

ಅಜ್ಜಿ ಕೈಚೀಲದಿಂದ ಒಂದು ಫೋಟೋ ತೆಗೆದರು. ನನಗೆ ಗೊತ್ತಿರಲಿಲ್ಲ ಅವರು ತಂದಿದ್ದಾರೆ ಅಂತ. ತೆಳ್ಳನೆಯ ಹುಡುಗ, ಕಿವಿ ಸ್ವಲ್ಪ ದೊಡ್ಡದು, ಸೊಂಟದಲ್ಲಿ ಇದೇ ಡ್ಯಾಗರ್. ಹಿಂದೆ 1939 ಅಂತ ಬರೆದಿದೆ. "ಅಂದರೆ ಅಪ್ಪನ ಮುಖವನ್ನೂ ಸೇರಿಸಿ ಕೊಳ್ಳುತ್ತಾರೆ" ಅಂದರು. ಫೋಟೋ ಮತ್ತೆ ಚೀಲಕ್ಕೆ ಹೋಯಿತು.

ಸಾಣೆ ಅಜ್ಜ ಕೊನೆಗೆ ಅಲಗಿನ ಬುಡ ತಿರುಗಿಸಿ ತಯಾರಕರ ಗುರುತು ತೋರಿಸಿದರು. ಸೋಲಿಂಗನ್‌ನ ಪ್ರತಿ ಮನೆಗೂ ಒಂದು ಗುರುತು. ಹೆಂಕೆಲ್ಸ್‌ನವರ ಅವಳಿಗಳು 1731ರಿಂದ ಇವೆ, ನಿಮ್ಮನೆ ಚಾಕುವಿನ ಮೇಲೂ ಇರಬಹುದು. ಐಕ್‌ಹಾರ್ನ್‌ನವರದು ಅಳಿಲು. ಎಸ್‌ಎ ಡ್ಯಾಗರ್‌ಗಳ ಮೇಲೆ ಆಮೇಲಾಮೇಲೆ ಈ ಚಿತ್ರಗಳು ಹೋಗಿ ಬರೀ ಸಂಕೇತ ಸಂಖ್ಯೆ ಬಂತು, ಎಂ7/66 ಅಂದರೆ ಅಳಿಲಿನವರು. ಅಜ್ಜಿಯದರ ಮೇಲಿದ್ದದ್ದು ತಕ್ಕಡಿ, ಜೊತೆಗೆ 'ಅಲ್ಕೋಸೊ' ಅನ್ನುವ ಪದ.

"ಇದು ಕೊಪ್ಪೆಲ್ ಅವರದು" ಅಂದು ಅಜ್ಜ ಭೂತಗನ್ನಡಿ ಕೆಳಗಿಟ್ಟರು.

ಅಲ್ಕೋಸೊ ಅಂದರೆ ಅಲೆಕ್ಸಾಂಡರ್, ಕೊಪ್ಪೆಲ್, ಸೋಲಿಂಗನ್. ಮೂರರ ಮೊದಲಕ್ಷರಗಳು. 19ನೇ ಶತಮಾನದಿಂದ ಈ ಊರಲ್ಲಿ ಕತ್ತಿ, ಚಾಕು ಮಾಡುತ್ತಿದ್ದ ಯಹೂದಿ ಮನೆತನ. ಗುಸ್ಟಾವ್ ಕೊಪ್ಪೆಲ್‌ಗೆ ಊರು ಗೌರವ ನಾಗರಿಕ ಪಟ್ಟ ಕೊಟ್ಟಿತ್ತು. ಊರಿಗೆ ದಾನಧರ್ಮ ಮಾಡಿದವರು. ನಾಜಿಗಳು ಬಂದ ಮೇಲೆ ಯಹೂದಿಗಳ ಉದ್ಯಮಗಳನ್ನು 'ಆರ್ಯ'ರ ಕೈಗೆ ಬಲವಂತವಾಗಿ ವರ್ಗಾಯಿಸಿದರು. ಕೊಪ್ಪೆಲ್ ಕಾರ್ಖಾನೆ 1936ರಲ್ಲಿ ಕೈಬಿಟ್ಟು ಹೋಯಿತು. ಗುಸ್ಟಾವ್ ಅವರ ಮಗ ಡಾ. ಅಲೆಕ್ಸಾಂಡರ್ ಕೊಪ್ಪೆಲ್‌ರನ್ನು 1942ರಲ್ಲಿ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು, 76ರ ಮುದುಕನನ್ನು. ಅಲ್ಲಿ ಅದೇ ವರ್ಷ ತೀರಿಕೊಂಡರು.

ಮನೆಯವರು ಹೋದರು, ಹೆಸರು ಮಾತ್ರ ಬಿಡಲಿಲ್ಲ. ಒಳ್ಳೇ ಬ್ರ್ಯಾಂಡ್ ಅಲ್ಲವೇ? ಅದೇ ತಕ್ಕಡಿ, ಅದೇ ಅಲ್ಕೋಸೊ ಮುಂದುವರಿಯಿತು. 1939ರಲ್ಲಿ ಹೊಸ ಲೆಫ್ಟಿನೆಂಟ್ ಒಬ್ಬ ಅಂಗಡಿಗೆ ಹೋಗಿ ಹದ್ದಿನ ಗುರುತಿನ ಡ್ಯಾಗರ್ ಕೊಂಡಾಗ ಅದರ ಬುಡದಲ್ಲಿದ್ದದ್ದು ಆ ಹದ್ದು ಓಡಿಸಿದ ಮನೆತನದ ಹೆಸರು. ಆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟ 1938ರ ನವೆಂಬರಿನಲ್ಲೇ ಇಲ್ಲಿನ ಯಹೂದಿ ಪ್ರಾರ್ಥನಾ ಮಂದಿರ ಸುಟ್ಟದ್ದು, ಮಾಕ್ಸ್ ಲೆವೆನ್ ಎಂಬ ಪತ್ರಕರ್ತರನ್ನು ಅವರ ಮನೆಯೊಳಗೇ ಗುಂಡಿಟ್ಟು ಕೊಂದದ್ದು.

ಸಂಗ್ರಹಕಾರರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅಲ್ಕೋಸೊ ಗುರುತಿದ್ದರೆ ಬೆಲೆ ಎಷ್ಟು, ಐಕ್‌ಹಾರ್ನ್ ಆದರೆ ಎಷ್ಟು ಅಂತ ಅವರಿಗೆ ಬಾಯಿಪಾಠ. ಇತಿಹಾಸದ ಆಸಕ್ತಿಯಿಂದ ಇಟ್ಟುಕೊಳ್ಳುವವರನ್ನು ನಾನು ಬೈಯುವುದಿಲ್ಲ, ಎಷ್ಟೋ ವಿವರ ಉಳಿದಿರುವುದೇ ಅವರಿಂದ. ಆದರೆ 'ಹಿಟ್ಲರ್' ಅಂತ ಅಂಗಡಿಗೆ, ಹುಡುಗರ ಗ್ಯಾಂಗಿಗೆ ಹೆಸರಿಡುವ ನಮ್ಮ ಕಡೆಯ ಹುಡುಗಾಟ ಇಲ್ಲಿನ ಒಂದು ಅಡುಗೆಮನೆ ಮೇಜಿನ ಮುಂದೆ ಕೂತಾಗ ತುಂಬ ಅಗ್ಗ ಅನ್ನಿಸುತ್ತೆ.

ನಮ್ಮಜ್ಜಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪನಿಗೆ ಗೊತ್ತಿತ್ತಾ?"

ಸಾಣೆ ಅಜ್ಜ ಭುಜ ಕುಣಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಸೋಲಿಂಗನ್ ಸುತ್ತ ಹತ್ತು ಮೈಲಿಯಲ್ಲಿ ಕೊಪ್ಪೆಲ್ ಯಾರು ಅಂತ ಗೊತ್ತಿಲ್ಲದವರು ಇರಲಿಲ್ಲ" ಅಂದರು.

ವಾಪಸ್ ಬರುವಾಗ ಅಜ್ಜಿ ಊರೊಳಗಿನ ದಾರಿ ಹಿಡಿದರು. ಕಾರಿನಲ್ಲಿ ನೋಡಿದರೆ ಸೋಲಿಂಗನ್ ಮಧ್ಯಭಾಗದಲ್ಲಿ ಹಳೆಯದು ಏನೂ ಇಲ್ಲ. ಎಲ್ಲಾ ಐವತ್ತು, ಅರವತ್ತರ ದಶಕದ ಸಪ್ಪೆ ಕಟ್ಟಡಗಳು. 1944ರ ನವೆಂಬರ್ 4 ಮತ್ತು 5ರಂದು ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿ ಹಳೇ ಪೇಟೆಯನ್ನು ನೆಲಸಮ ಮಾಡಿದವು. ಈ ಊರಿಗೆ ನೆನಪುಗಳ ಭಾರ ಸ್ವಲ್ಪ ಜಾಸ್ತಿಯೇ. ಯಹೂದಿಗಳ ಸಾಗಾಟದ ಲೆಕ್ಕ ಬರೆದ ಐಕ್‌ಮನ್ ಹುಟ್ಟಿದ್ದೂ ಇಲ್ಲೇ, 1906ರಲ್ಲಿ. 1993ರ ಮೇ 29ರಂದು ಬಲಪಂಥೀಯ ಹುಡುಗರು ತುರ್ಕಿ ಕುಟುಂಬವೊಂದರ ಮನೆಗೆ ಬೆಂಕಿಯಿಟ್ಟು ಐದು ಮಂದಿ ಹೆಂಗಸರು, ಹೆಣ್ಣುಮಕ್ಕಳನ್ನು ಕೊಂದರು. 2024ರ ಆಗಸ್ಟ್‌ನಲ್ಲಿ ಊರಿನ 650ನೇ ವರ್ಷದ ಹಬ್ಬದಲ್ಲಿ ಒಬ್ಬ ಚಾಕು ಬೀಸಿ ಮೂವರನ್ನು ಕೊಂದ. ಚಾಕುವಿನಿಂದ ಬದುಕುವ ಊರಿನಲ್ಲಿ. ಇಲ್ಲಿ ವಲಸಿಗಳಾಗಿರುವ ನನ್ನಂಥವರು ಈ ಎರಡು ತಾರೀಖುಗಳನ್ನೂ ಸುಲಭವಾಗಿ ದಾಟಿ ಹೋಗುವುದಿಲ್ಲ.

ಕೊಪ್ಪೆಲ್ ಹೆಸರಿನ ಉದ್ಯಾನವೊಂದಿದೆ, ಅಲೆಕ್ಸಾಂಡರ್ ಕೊಪ್ಪೆಲ್ ಹೆಸರಿನ ಶಾಲೆಯೂ ಇದೆ. ಶಾಲೆ ಬಿಟ್ಟ ಹೊತ್ತು. ಎಲ್ಲ ಬಣ್ಣದ, ಎಲ್ಲ ದೇಶದ ಮುಖದ ಮಕ್ಕಳು ಬ್ಯಾಗ್ ಎಳೆದುಕೊಂಡು ಟ್ರಾಲಿ ಬಸ್ಸಿಗೆ ಓಡುತ್ತಿದ್ದರು.

ಓದುಗರಲ್ಲಿ ಯಾರಿಗಾದರೂ ಇಂಥದ್ದು ಕೊಳ್ಳುವ ಆಸೆಯಿದ್ದರೆ ಎರಡು ಮಾತು. ಭಾರತದಲ್ಲಿ ಆಯುಧ ಕಾಯ್ದೆಯ ನಿಯಮದಂತೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಬಾಕು, ಕತ್ತಿಗಳು ಆಯುಧದ ಪಟ್ಟಿಯಲ್ಲೇ ಬರುತ್ತವೆ. ಸೈನ್ಯದ ಡ್ಯಾಗರಿನ ಅಲಗು ಸಾಮಾನ್ಯವಾಗಿ ಅದಕ್ಕಿಂತ ಉದ್ದ. ವಿದೇಶದಿಂದ ಸೂಟ್‌ಕೇಸಲ್ಲಿ ಹಾಕಿಕೊಂಡು ಬಂದು ಕಸ್ಟಮ್ಸ್‌ನಲ್ಲಿ 'ಆಂಟಿಕ್ ಸಾರ್' ಅಂದರೆ ನಡೆಯಲ್ಲ. ಇನ್ನು ಕೈಯಲ್ಲಿ ಹಿಡಿದು, ಬಿಚ್ಚಿ ನೋಡದೆ, ಬರೀ ವಾಟ್ಸಾಪ್ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಸೋಲಿಂಗನ್‌ನಿಂದ ಏನಾದರೂ ತರಲೇಬೇಕು ಅಂದರೆ 'ಚೊಪ್ಕನ್' ಅನ್ನುವ ಸಣ್ಣ ಅಡುಗೆ ಚಾಕು ಸಿಗುತ್ತೆ, ಮರದ ಹಿಡಿಯದು. ಅಮ್ಮನಿಗೆ ಒಂದು ಕಳಿಸಿದ್ದೆ. ಬೀನ್ಸ್ ನಾರು ತೆಗೆಯೋಕೆ ಇದರಂಥದ್ದಿಲ್ಲ ಅಂತಾಳೆ.

ಅಜ್ಜಿ ಡ್ಯಾಗರ್ ಮಾರಲಿಲ್ಲ, ನದಿಗೂ ಎಸೆಯಲಿಲ್ಲ. ಎರಡು ವಾರ ಬಿಟ್ಟು ನನ್ನ ಲ್ಯಾಪ್‌ಟಾಪಿನಲ್ಲಿ ಕೂತು ಸೋಲಿಂಗನ್‌ನ ನಗರ ದಾಖಲೆ ಸಂಗ್ರಹಕ್ಕೆ ಪತ್ರ ಟೈಪ್ ಮಾಡಿಸಿದರು. ಡ್ಯಾಗರ್ ಕೊಡಲು ಸಿದ್ಧ, ಒಂದು ಷರತ್ತು: ಜೊತೆಗಿಡುವ ಚೀಟಿಯಲ್ಲಿ ಮೊದಲು ಕೊಪ್ಪೆಲ್ ಮನೆತನದ ಕತೆ ಇರಬೇಕು, ಆಮೇಲೆ ತೊಟ್ಟವರ ಹೆಸರು. ತಂದೆಯ ಹೆಸರನ್ನು ಬಿಡಬಾರದು, ಪೂರ್ತಿ ಬರೆಯಬೇಕು ಅಂತಲೂ ಹಾಕಿಸಿದರು. ಮಗ ಓದಿ, ಹೆಸರು ಯಾಕೆ ಬೇಕಿತ್ತು ಅಂದ. ಅವರು ಉತ್ತರ ಕೊಡದೆ ಸಹಿ ಮಾಡಿ, ಫೋಟೋದ ಒಂದು ಪ್ರತಿ ಲಕೋಟೆಗೆ ಸೇರಿಸಿದರು. ಮೊಮ್ಮಗನ ಡ್ರೈವಿಂಗ್ ಕ್ಲಾಸಿನ ಮೊದಲ ಕಂತು ಅವರ ಪಿಂಚಣಿಯಿಂದಲೇ ಹೋಯಿತು.